ಹಿಂಬಾಗಿಲಿಗೆ ಚಿಲಕ ಹಾಕಿದವಳು

ಎರಡು ವರ್ಷದ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಯಾರೂ ಕೆಲಸಕ್ಕೆ ಹೋಗಲಾರರು. ಹೋಗಿದ್ದಾರೆ ಎಂದರೆ ಅವರ ಬದಲಿಗೆ ಇನ್ನೊಬ್ಬರು ಆ ಮಗುವಿನ ಪಕ್ಕದಲ್ಲಿ ಕೂತಿದ್ದಾರೆ ಎಂದು ಅರ್ಥ. ಇದು ಬರೆದು ತಿಳಿಸಬೇಕಾದ ಸಂಗತಿಯೇ ಅಲ್ಲ. ಆದರೂ ಬರೆಯುತ್ತಿದ್ದೇನೆ. ಆ ಇನ್ನೊಬ್ಬರು ಯಾರು, ಅವರು ಮಧ್ಯಾಹ್ನ ಉಂಡರೋ ಇಲ್ಲವೋ, ಅವರ ಸೊಂಟನೋವು ಹೇಗಿದೆ ಎಂದು ಕೇಳಿದವರನ್ನು ನಾನು ಹೆಚ್ಚು ಕಂಡಿಲ್ಲ. ‘ಅವಳು ಹೇಗಿದ್ದರೂ ಮನೆಯಲ್ಲೇ ಇರ್ತಾಳಲ್ಲ’ ಎನ್ನುವವರನ್ನು ಮಾತ್ರ ಬೇಕಾದಷ್ಟು ಕಂಡಿದ್ದೇನೆ.

ಯಾರ್ಕ್‌ಶೈರಿನ ನಮ್ಮ ಬೀದಿಯಲ್ಲಿ ಹೀಗೆ ‘ಹೇಗಿದ್ದರೂ ಮನೆಯಲ್ಲೇ’ ಇರುತ್ತಿದ್ದವಳ ಹೆಸರು ಗೇನರ್ ಆಕ್ರಾಯ್ಡ್. ನಿಜ ಹೇಳಬೇಕೆಂದರೆ ಅವಳು ಮನೆಯಲ್ಲಿ ಸುಮ್ಮನೆ ಕೂತಿರುತ್ತಿರಲಿಲ್ಲ. ಬಿಸ್ಕತ್ತಿನ ಕಾರ್ಖಾನೆಯಲ್ಲಿ ಸಂಜೆಯ ಪಾಳಿ ಅವಳದು. ಬೇರೆ ಹೆಂಗಸರು ಮನೆ ಸೇರುವ ಹೊತ್ತಿಗೆ ಇವಳು ತಲೆಗೆ ಬಲೆ ಕಟ್ಟಿಕೊಂಡು ಕೆಲಸಕ್ಕೆ ಹೊರಡುತ್ತಿದ್ದಳು. ಹಗಲು ನಿದ್ದೆ ಮಾಡಬೇಕಾದವಳ ಹಗಲನ್ನು ಬೀದಿ ತನ್ನದೆಂದುಕೊಂಡಿತ್ತು, ಅಷ್ಟೇ.

ಬೀದಿಯ ಬಗ್ಗೆ ಒಂದು ಮಾತು. ಹಳೇ ಗಿರಣಿ ಕಾಲದ ಮನೆಗಳು, ಒಂದರ ಹೆಗಲಿಗೆ ಇನ್ನೊಂದು ಅಂಟಿಕೊಂಡಿವೆ. ಎಲ್ಲಕ್ಕೂ ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಮುಂಬಾಗಿಲು ಮದುವಣಗಿತ್ತಿಗೆ, ಹೆಣಕ್ಕೆ ಮತ್ತು ಪೊಲೀಸರಿಗೆ. ಉಳಿದವರೆಲ್ಲ ಹಿಂದಿನ ಗಲ್ಲಿಯಿಂದ, ಅಂಗಳ ದಾಟಿ, ಹಿಂಬಾಗಿಲಲ್ಲಿ. ತಟ್ಟುವ ಪದ್ಧತಿ ಇಲ್ಲ. ಬಾಗಿಲು ದೂಡುತ್ತಾ ‘ನಾನೇ’ ಅಂದರೆ ಮುಗಿಯಿತು. ಯಾವ ‘ನಾನು’ ಎಂದು ಒಳಗಿನವರು ಕೇಳುವುದಿಲ್ಲ, ಕೆಟಲ್‌ಗೆ ನೀರು ತುಂಬುತ್ತಾರೆ. ಮಲಗುವ ಮುಂಚೆಯೇ ಆ ಬಾಗಿಲಿಗೆ ಚಿಲಕ ಹಾಕಿದವರೆಂದರೆ ಒಂದೋ ಸಾಲಗಾರರು, ಇಲ್ಲವೇ ಲಂಡನ್ನಿನಿಂದ ಬಂದವರು.

ಹೊರಗಿನವರು ನಮ್ಮ ಬೀದಿಯನ್ನು ನೋಡಿ ‘ಎಂಥಾ ಒಗ್ಗಟ್ಟು’ ಎಂದು ಬಾಯಿ ಚಪ್ಪರಿಸುತ್ತಾರೆ. ಆ ಒಗ್ಗಟ್ಟಿನ ಭಾರ ಯಾರ ಬೆನ್ನ ಮೇಲಿತ್ತು ಎಂದು ನಾನು ಹೇಳುತ್ತೇನೆ, ಕೇಳಿ.

ಲೊರೇನ್ ಪೇಟೆಯಲ್ಲಿ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ಅವಳ ಮನೆ ಗೇನರ್ ಮನೆಯಿಂದ ಮೂರನೆಯದು. ಮೂವರು ಮಕ್ಕಳು. ಮೂವರನ್ನೂ ಸಾಲಾಗಿ ಗೇನರ್ ಮನೆಯ ಹಿಂಬಾಗಿಲಲ್ಲಿ ಒಳಗೆ ದೂಡಿಯೇ ಬೆಳೆಸಿದಳು. ‘ನಾನೇ, ಐದು ನಿಮಿಷ ನೋಡ್ಕೋ ಗೇನರ್’ ಎಂದವಳು ಮತ್ತೆ ಕಾಣಿಸುತ್ತಿದ್ದದ್ದು ಅಂಗಡಿ ಮುಚ್ಚಿದ ಮೇಲೆ. ಗೇನರ್ ಅದೇ ಅಂಗಡಿಯಲ್ಲಿ ಕೂದಲು ಕತ್ತರಿಸಿಕೊಂಡಾಗಲೆಲ್ಲ ಪೂರ್ತಿ ದುಡ್ಡು ಕೊಟ್ಟೇ ಎದ್ದು ಬಂದಿದ್ದಾಳೆ. ಕ್ರಿಸ್‌ಮಸ್ಸಿಗೆ ಲೊರೇನ್ ಒಂದು ಚಾಕೊಲೇಟ್ ಡಬ್ಬಿ ಕೊಡುತ್ತಿದ್ದಳು. ಒಂದು ವರ್ಷ ಆ ಡಬ್ಬಿಯ ಅಡಿಯಲ್ಲಿ ‘ಪ್ರೀತಿಯ ಲೊರೇನ್‌ಗೆ, ಪ್ಯಾಟ್ ಚಿಕ್ಕಮ್ಮನಿಂದ’ ಎಂಬ ಚೀಟಿ ಹಾಗೇ ಅಂಟಿಕೊಂಡಿತ್ತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎನ್ನುತ್ತೇವಲ್ಲ, ಇಲ್ಲಿ ಇಸಕೊಂಡವಳೂ ಲೊರೇನ್, ಕೊಟ್ಟೆನೆಂದು ಮೆರೆದವಳೂ ಲೊರೇನ್.

ಲೊರೇನ್ ಒಬ್ಬಳೇ ಅಲ್ಲ. ಇಡೀ ಬೀದಿಗೆ ಒಂದು ನೆಪ ಸಿಕ್ಕಿತ್ತು. ಗೇನರ್ ಮತ್ತು ಅವಳ ಗಂಡ ಕ್ಲಿಫ್‌ಗೆ ಮಕ್ಕಳಾಗಲಿಲ್ಲ. ‘ಪಾಪ, ಅವಳಿಗೂ ಹೊತ್ತು ಹೋಗುತ್ತೆ’ ಎಂದು ಎಲ್ಲರೂ ತಂತಮ್ಮ ಮಕ್ಕಳನ್ನು ಅವಳ ಅಡುಗೆಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ತಾವು ಕೂಲಿ ಕೊಡದೆ ಕೆಲಸ ಮಾಡಿಸಿಕೊಳ್ಳುತ್ತಿದ್ದೇವೆ ಎಂದಲ್ಲ, ತಾವೇ ಅವಳಿಗೆ ಉಪಕಾರ ಮಾಡುತ್ತಿದ್ದೇವೆ ಎಂದು. ಇನ್ನೊಬ್ಬರ ನೋವನ್ನು ತಮ್ಮ ಅನುಕೂಲಕ್ಕೆ ಒಗ್ಗಿಸಿಕೊಳ್ಳುವ ಈ ಜಾಣತನವನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಆದರೂ ಎಲ್ಲರೂ ಇದರಲ್ಲಿ ಪಾಸು.

ಕಾರ್ಖಾನೆ ಮುಚ್ಚಿತು. ಸಂಜೆಯ ಪಾಳಿಯ ಹೆಂಗಸರಿಗೆ ಒಂದೊಂದು ಪೆಟ್ಟಿಗೆ ಮುರಿದ ಬಿಸ್ಕತ್ತು ಕೊಟ್ಟು ಕಳಿಸಿದರು. ಕ್ಲಿಫ್ ಬಸ್ಸು ಓಡಿಸುವವನು. ಅವನೊಬ್ಬನ ಸಂಬಳದಲ್ಲಿ ಬಾಡಿಗೆ ಮತ್ತು ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಗ್ಯಾಸು ಎರಡೂ ಸಾಗುವುದಿಲ್ಲ. ಮನೆ ಬಿಟ್ಟು ಕ್ಲಿಫ್‌ನ ಅಣ್ಣನ ಊರಿಗೆ ಹೋಗಬೇಕು, ಇಲ್ಲ ಗೇನರ್ ದುಡಿಯಬೇಕು.

“ನನಗೆ ಬರೋ ಕೆಲಸ ಒಂದೇ,” ಎಂದಳು ಗೇನರ್.

“ಬಿಸ್ಕತ್ತು ಮುರಿಯೋದಾ?”

“ಮಕ್ಕಳು ನೋಡ್ಕೊಳ್ಳೋದು ಕಣೋ. ಇಷ್ಟು ವರ್ಷ ಬಿಟ್ಟಿ ಮಾಡಿದ್ದನ್ನ ಇನ್ನು ನೋಂದಣಿ ಮಾಡಿಸಿ ಮಾಡ್ತೀನಿ.”

ಕ್ಲಿಫ್, “ಲೊರೇನ್‌ಗೆ ಹೇಳೋವಾಗ ನನಗೆ ಮೊದಲೇ ತಿಳಿಸು, ನಾನು ಡಿಪೋದಲ್ಲೇ ಮಲಗ್ತೀನಿ,” ಎಂದ.

ಇಂಗ್ಲೆಂಡಿನಲ್ಲಿ ಸ್ವಂತ ಮನೆಯಲ್ಲಿ ಬೇರೆಯವರ ಮಕ್ಕಳನ್ನು ದುಡ್ಡಿಗೆ ನೋಡಿಕೊಳ್ಳುವವರನ್ನು ಚೈಲ್ಡ್‌ಮೈಂಡರ್ ಎನ್ನುತ್ತಾರೆ. ಹಾಗೆ ನೋಡಿಕೊಳ್ಳಬೇಕಾದರೆ ನೋಂದಣಿ ಬೇಕು, ಇಲ್ಲದಿದ್ದರೆ ಅಪರಾಧ. ಗೇನರ್ ಪ್ಲಾಸ್ಟಿಕ್ ಮಗುವಿನ ಎದೆ ಒತ್ತಿ ಉಸಿರು ಕೊಡುವುದನ್ನು ಕಲಿತಳು. ಅವಳಿಗೂ ಕ್ಲಿಫ್‌ಗೂ ಪೊಲೀಸ್ ತಪಾಸಣೆ ಆಯಿತು. ಕ್ಲಿಫ್‌ನ ಜೀವಮಾನದ ಒಂದೇ ಅಪರಾಧ ಕುದುರೆ ಜೂಜು, ಅದು ಅಲ್ಲಿ ಲೆಕ್ಕಕ್ಕಿಲ್ಲ. ಮನೆ ಮಾಲೀಕನ ಒಪ್ಪಿಗೆ, ವೈದ್ಯರ ಪತ್ರ, ವಿಮೆ. ಮೆಟ್ಟಿಲಿಗೆ ಗೇಟು, ಕಪಾಟುಗಳಿಗೆ ಬೀಗ, ಕಿಟಕಿ ಪರದೆಯ ಹಗ್ಗ ಮಗುವಿನ ಕುತ್ತಿಗೆಗೆ ಸಿಗದಷ್ಟು ಎತ್ತರಕ್ಕೆ. ಇವೆಲ್ಲ ತಪ್ಪೆಂದು ನಾನು ಹೇಳುವುದಿಲ್ಲ. ಮಗುವಿನ ಜೀವ ದೊಡ್ಡದು. ನಾನು ಹೇಳುವುದಿಷ್ಟೇ: ಇದೇ ಗೇನರ್ ಇದೇ ಅಡುಗೆಮನೆಯಲ್ಲಿ ಬಿಟ್ಟಿ ನೋಡಿಕೊಂಡಾಗ ಆ ಹಗ್ಗ ಎಷ್ಟು ಎತ್ತರದಲ್ಲಿದೆ ಎಂದು ಒಬ್ಬ ತಾಯಿಯೂ ತಲೆಯೆತ್ತಿ ನೋಡಿರಲಿಲ್ಲ.

ಲೊರೇನ್‌ಗೆ ಹೇಳುವ ದಿನ ಬಂತು. ಅವಳ ಕೊನೆಯವನು ಕೋರಿ, ಮೂರು ವರ್ಷದವನು, ಆಗಲೇ ಒಳಗೆ ನುಗ್ಗಿ ಬಾಣಲೆ ಬಡಿಯುತ್ತಿದ್ದ.

“ಸೆಪ್ಟೆಂಬರಿಂದ ಕೋರಿನ ಹೀಗೆ ಬಿಡೋಕಾಗಲ್ಲ ಲೊರೇನ್.”

“ಯಾಕೆ, ಕಚ್ಚಿದ್ನಾ?”

“ಅವನೂ ಲೆಕ್ಕಕ್ಕೆ ಬರ್ತಾನೆ. ಐದು ವರ್ಷದೊಳಗಿನವರು ಮೂರೇ ಜನ ಇರಬಹುದು. ಬಿಟ್ಟಿ ಬಂದರೂ ಒಂದು ಜಾಗ ತಿಂತಾನೆ.”

“ನಾನೇನು ದಿನವಿಡೀ ಬಿಡ್ತೀನಾ? ಐದು ನಿಮಿಷ.”

“ನಿನ್ನ ಐದು ನಿಮಿಷದಲ್ಲಿ ಅವನು ಎರಡು ಸಲ ಉಣ್ತಾನೆ ಕಣೇ.”

ಲೊರೇನ್ ನಕ್ಕಳು. ಆ ನಗೆ ಬಾಗಿಲ ತನಕವೂ ಬಾಳಲಿಲ್ಲ. “ಓಹೋ. ಮೂಗು ಒರೆಸೋಕೂ ಸರ್ಟಿಫಿಕೇಟ್ ಬಂತು. ಇನ್ನು ನಿನ್ನನ್ನ ಮೇಡಂ ಅನ್ಬೇಕೋ, ಗೇನರ್ ಅನ್ಬೇಕೋ?”

“ಗೇನರ್ ಅನ್ನು. ದುಡ್ಡು ಮಾತ್ರ ವಾರದ ಕೊನೇಗೆ.”

“ನೆರೆಹೊರೆಯೋರ ಹತ್ರ ದುಡ್ಡು ಕೇಳ್ತೀಯಲ್ಲ, ನಾಚಿಕೆ ಆಗಲ್ವಾ?”

ಈ ಪ್ರಶ್ನೆಯನ್ನು ಲೊರೇನ್ ತನ್ನ ಅಂಗಡಿಯ ಕನ್ನಡಿಯ ಮುಂದೆ ನಿಂತು ಒಮ್ಮೆಯಾದರೂ ಕೇಳಿಕೊಂಡಿದ್ದಾಳೆಯೇ? ಆ ಕುರ್ಚಿಯಲ್ಲಿ ಕೂರುವವರೂ ನೆರೆಹೊರೆಯವರೇ.

ತಪಾಸಣೆಯ ಕಚೇರಿಯಿಂದ ಮಿಸೆಸ್ ಕ್ವೇಲ್ ಎಂಬಾಕೆ ಗುರುವಾರ ಬೆಳಿಗ್ಗೆ ಬರುವುದೆಂದು ಗೊತ್ತಾಯಿತು. ಗೇನರ್ ಇಡೀ ಬೀದಿಗೆ ಹೇಳಿದಳು: ಗುರುವಾರ ಬೆಳಿಗ್ಗೆ ದಯವಿಟ್ಟು ಯಾರೂ ಬರಬೇಡಿ. ಎಲ್ಲರೂ ತಲೆಯಾಡಿಸಿದರು. ಲೊರೇನ್ ಎಲ್ಲರಿಗಿಂತ ಜೋರಾಗಿ ಆಡಿಸಿದಳು.

ಆ ದಿನ ಕ್ಲಿಫ್ ರಜೆ ಹಾಕಿ, ಶವಸಂಸ್ಕಾರಗಳಿಗೆ ಕಟ್ಟುವ ಟೈ ಕಟ್ಟಿಕೊಂಡು ಸೋಫಾದ ಅಂಚಿನಲ್ಲಿ ಕೂತ. ಮನೆ ಕನ್ನಡಿಯಂತಿತ್ತು. ಮುಂಬಾಗಿಲು ಸದ್ದಾಯಿತು. ಗೇನರ್ ಮತ್ತು ಕ್ಲಿಫ್ ಒಬ್ಬರ ಮುಖ ಒಬ್ಬರು ನೋಡಿದರು. ಮೆಟ್ಟಿಲಿಗೆ ಗೇಟು ಹಾಕಿದ್ದರು, ಪ್ಲಗ್ಗುಗಳಿಗೆ ಮುಚ್ಚಳ ಹಾಕಿದ್ದರು. ಸರ್ಕಾರದಿಂದ ಬರುವವರು ಮುಂಬಾಗಿಲಿಗೆ ಬರುತ್ತಾರೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಗೇನರಳ ತಾಯಿಯ ಶವಪೆಟ್ಟಿಗೆ ಆಚೆ ಹೋದ ಮೇಲೆ ಆ ಬಾಗಿಲು ತೆರೆದದ್ದೇ ಇಲ್ಲ. ಅದರ ಹಿಂದೆ ಕ್ರಿಸ್‌ಮಸ್ ಮರದ ರಟ್ಟಿನ ಪೆಟ್ಟಿಗೆ, ಕೆಟ್ಟುಹೋದ, ಕಸ ಹೀರುವ ಹೂವರ್ ಯಂತ್ರ, ಕ್ಲಿಫ್‌ನ ಮೀನು ಹಿಡಿಯುವ ಕೋಲುಗಳು. ಕ್ಲಿಫ್ ಹೆಗಲು ಕೊಟ್ಟು ಎಳೆದ, ತೇವಕ್ಕೆ ಉಬ್ಬಿದ ಮರ ಅಲ್ಲಾಡಲಿಲ್ಲ. ಕೊನೆಗೆ ಮೊಣಕಾಲೂರಿ, ಕಾಗದ ಹಾಕುವ ಕಂಡಿಯಲ್ಲಿ ಬಾಯಿಟ್ಟು, “ಹಿಂದಿನಿಂದ ಬನ್ನಿ ಮೇಡಂ, ಎಡಗಡೆ ಗಲ್ಲಿ, ನೀಲಿ ಕಸದ ಡಬ್ಬದ ಪಕ್ಕ,” ಎಂದು ಕೂಗಿದ.

ಮಿಸೆಸ್ ಕ್ವೇಲ್ ಬಂದರು. ಹಿಂಬಾಗಿಲು ದೂಡಿದರೆ ತೆರೆದುಕೊಂಡಿತು. ಅಲ್ಲೇ ನಿಂತು ಅದನ್ನು ಒಮ್ಮೆ ಮುಚ್ಚಿ, ಮತ್ತೆ ದೂಡಿ ನೋಡಿದರು.

ಕೂತು ಲ್ಯಾಪ್‌ಟಾಪ್ ತೆರೆದು, “ಈ ಮನೆಗೆ ಯಾರು ಯಾರು ಬಂದು ಹೋಗ್ತಾರೆ, ಮಿಸೆಸ್ ಆಕ್ರಾಯ್ಡ್?” ಎಂದು ಕೇಳಿದರು.

“ನಾನು, ಕ್ಲಿಫ್. ಅಷ್ಟೇ.”

ಅವಳು ಸುಳ್ಳು ಹೇಳಲಿಲ್ಲ. ಇದನ್ನು ನೀವು ಅರ್ಥ ಮಾಡಿಕೊಳ್ಳಬೇಕು. ನಮ್ಮ ಬೀದಿಯಲ್ಲಿ ಹಿಂಬಾಗಿಲಿನಿಂದ ಬರುವವರನ್ನು ಯಾರೂ ‘ಬಂದವರು’ ಎಂದು ಎಣಿಸುವುದಿಲ್ಲ. ಅದು ಗಾಳಿ ಬಂದು ಹೋದಂತೆ.

“ನಾನೇ,” ಎನ್ನುತ್ತಾ ಒಳಗೆ ಬಂದವಳು ಎನಿಡ್. ಲೊರೇನಳ ತಾಯಿ, ಎಂಬತ್ತು ದಾಟಿದ ಹೆಂಗಸು, ಗೇನರಳ ಪಕ್ಕದ ಮನೆಯಲ್ಲಿ ಒಬ್ಬಳೇ ಇರುವವಳು. ಕೈಯಲ್ಲಿ ತನ್ನದೇ ಮಗ್ಗು. ಗೇನರ್ ಮನೆಯ ಮಗ್ಗುಗಳ ಅಂಚು ದಪ್ಪ ಎಂದು ಅವಳ ದೂರು. ಗುರುವಾರ ಬರಬೇಡಿ ಎಂದದ್ದು ಅವಳಿಗೆ ನೆನಪಿತ್ತು. ಆದರೆ ಆ ಮಾತು ಬೇರೆಯವರಿಗೆ ಎಂದುಕೊಂಡಿದ್ದಳು. “ಓ, ಜನ ಇದ್ದಾರೆ,” ಎಂದು ತನ್ನ ಕುರ್ಚಿಯಲ್ಲಿ ಕೂತಳು. ಅವಳ ಹಿಂದೆಯೇ ಮೂಲೆಮನೆಯವನು ಬಂದು, ಯಾರ ಮುಖವನ್ನೂ ನೋಡದೆ, ಮೆಟ್ಟಿಲ ಕೆಳಗಿನಿಂದ ಏಣಿ ಎಳೆದುಕೊಂಡು ಹೋದ. ಮಿಸೆಸ್ ಕ್ವೇಲ್‌ರ ಬೆರಳುಗಳು ಲ್ಯಾಪ್‌ಟಾಪಿನ ಕೀಲಿಮಣೆಯ ಮೇಲೆ ಓಡತೊಡಗಿದವು.

ಆಮೇಲೆ ಲೊರೇನ್. ಕೋರಿಯನ್ನು ಮುಂದೆ ದೂಡಿಕೊಂಡು, “ನಾನೇ. ಐದು ನಿಮಿಷ,” ಎಂದಳು. ಮಿಸೆಸ್ ಕ್ವೇಲ್‌ರನ್ನು ನೋಡಿ ಬೆಚ್ಚಿದಂತೆ ಮಾಡಿದಳು. ಅವಳ ನಟನೆ ಅಷ್ಟಕ್ಕಷ್ಟೇ. “ಓ, ಇವತ್ತೇನಾ? ಹೆದರಬೇಡಿ ಮೇಡಂ, ನಮ್ಮ ಗೇನರ್ ಎಷ್ಟೋ ವರ್ಷದಿಂದ ಮಕ್ಕಳನ್ನ ನೋಡ್ಕೊಳ್ತಿದ್ದಾಳೆ. ನಾವೂ ಬರಿಗೈಲಿ ಬಿಟ್ಟಿಲ್ಲ ಬಿಡಿ.”

ಮಿಸೆಸ್ ಕ್ವೇಲ್ ತಲೆಯೆತ್ತಿದರು. “ಅಂದ್ರೆ ಪ್ರತಿಫಲ ಕೊಟ್ಟಿದ್ದೀರಾ?”

ಕ್ಲಿಫ್‌ನ ಮುಖ ಬಿಳಿಚಿತು. ನೋಂದಣಿ ಇಲ್ಲದೆ ಪ್ರತಿಫಲ ಪಡೆದು ಮಕ್ಕಳನ್ನು ನೋಡಿಕೊಂಡಿದ್ದರೆ ಅಲ್ಲಿಗೆ ಅರ್ಜಿಯ ಕಥೆ ಮುಗಿಯಿತು. ಲೊರೇನ್‌ಗೆ ಇದು ಗೊತ್ತಿರಲಿಲ್ಲ ಎಂದು ಅವಳ ಪರವಾಗಿ ಮಾತಾಡುವವರು ಇಂದಿಗೂ ಬೀದಿಯಲ್ಲಿದ್ದಾರೆ. ಅವರನ್ನು ನಾನು ನಂಬುವುದಿಲ್ಲ. ಗೇನರ್ ತಾನು ಕಲಿತ ಒಂದೊಂದು ನಿಯಮವನ್ನೂ ಆ ಬೇಸಿಗೆಯಲ್ಲಿ ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

“ಪ್ರತಿ ಕ್ರಿಸ್‌ಮಸ್ಸಿಗೂ,” ಎಂದಳು ಲೊರೇನ್.

ಎನಿಡ್ ಮಗ್ಗನ್ನು ಕೆಳಗಿಟ್ಟಳು. “ಆ ಚಾಕೊಲೇಟ್ ಡಬ್ಬಿನಾ? ಅದು ನಮ್ಮ ಪ್ಯಾಟ್ ನಿನಗೆ ಕೊಟ್ಟಿದ್ದಲ್ವೇನೇ? ಕಿತ್ತಳೆ ರುಚಿ ನಿನಗೆ ಸೇರಲ್ಲ ಅಂತ ನೀನೇ ಇವಳಿಗೆ ದಾಟಿಸಿದ್ದೆ.”

ಕೋರಿ ಬಾಣಲೆ ಬಡಿದ. ಮಿಸೆಸ್ ಕ್ವೇಲ್ ಕೆಮ್ಮಿ, ಇನ್ನೊಬ್ಬರಿಗೆ ಬಂದ ಚಾಕೊಲೇಟನ್ನು ತಾವು ಪ್ರತಿಫಲವೆಂದು ಬರೆದುಕೊಳ್ಳುವುದಿಲ್ಲ ಎಂದರು. ಆದರೆ ಉಳಿದದ್ದನ್ನು ಬರೆದುಕೊಂಡರು. ಹೋಗುವ ಮುಂಚೆ ಗೇನರಳನ್ನು ಕೂರಿಸಿ ಹೇಳಿದರು: “ಮಕ್ಕಳ ವಿಷಯದಲ್ಲಿ ನಿಮ್ಮ ಬಗ್ಗೆ ನನಗೆ ಅನುಮಾನ ಇಲ್ಲ. ಈ ಮನೆ ಬಗ್ಗೆ ಇದೆ. ಬೆಂಕಿ ಬಿದ್ದರೆ ತೆರೆಯಬೇಕಾದ ಬಾಗಿಲು ತೆರೆಯಲ್ಲ, ಮುಚ್ಚಿರಬೇಕಾದ ಬಾಗಿಲು ಮುಚ್ಚಲ್ಲ. ಬರೋ ತಿಂಗಳು ಮತ್ತೆ ಬರ್ತೀನಿ. ಆಗಲೂ ಹೀಗೇ ಇದ್ದರೆ ನಾನು ಆಗಲ್ಲ ಅಂತಲೇ ಬರೆಯೋದು.”

ಗೇನರ್ ಅಂದೇ ಚಿಲಕ ತಂದಳು. ಹಿತ್ತಾಳೆಯದು, ಅಂಗಡಿಯಲ್ಲಿದ್ದುದರಲ್ಲೇ ದಪ್ಪನೆಯದು. ಅದನ್ನು ಎಳೆದರೆ ಬರುವ ಸದ್ದು ಗಲ್ಲಿಯ ಆ ತುದಿಗೂ ಕೇಳುತ್ತಿತ್ತು. ಉಬ್ಬಿದ ಮುಂಬಾಗಿಲನ್ನು ಕ್ಲಿಫ್ ಅಂದು ರಾತ್ರಿಯೇ ಮೀಟಿ, ಬಲವಾಗಿ ಎಳೆದರೆ ಬರುವಂತೆ ಮಾಡಿದ.

ಆಮೇಲೆ ನಮ್ಮ ಒಗ್ಗಟ್ಟಿನ ಬೀದಿ ತನ್ನ ಒಗ್ಗಟ್ಟು ತೋರಿಸಿತು. ಗೇನರಳ ಅಂಗಳದ ಗೇಟಿಗೆ ಒರಗಿಸಿ ಯಾರದೋ ಕಸದ ಡಬ್ಬ, ಎಳೆದಿಟ್ಟರೆ ಮರುದಿನ ಮತ್ತೆ ಅದೇ. ಏಣಿ ವಾಪಸು ಬರಲಿಲ್ಲ. ಅವಳು ಮಾಂಸದಂಗಡಿಗೆ ಹೋದರೆ ಸಾಲಿನಲ್ಲಿ ನಿಂತವರು ಇದ್ದಕ್ಕಿದ್ದಂತೆ ಹಂದಿಮಾಂಸದ ಬೆಲೆಯಲ್ಲಿ ಆಳವಾದ ಆಸಕ್ತಿ ತೋರಿಸುತ್ತಿದ್ದರು. ಒಂದು ದಿನ ಕೌನ್ಸಿಲಿನಿಂದ ಒಬ್ಬ ಬಂದ. ಮಕ್ಕಳ ಗಲಾಟೆ ತಡೆಯಲಾಗುತ್ತಿಲ್ಲ ಎಂದು ಹೆಸರು ಹೇಳದವರೊಬ್ಬರು ದೂರು ಕೊಟ್ಟಿದ್ದರಂತೆ.

“ಮಕ್ಕಳು ಎಲ್ಲಿ?” ಎಂದು ಅವನು ಸುತ್ತ ನೋಡಿದ.

“ಇನ್ನೂ ಬಂದಿಲ್ಲ,” ಎಂದ ಕ್ಲಿಫ್. “ಬಂದ ಮೇಲೆ ಗಲಾಟೆ ಮಾಡೋಕೆ ಹೇಳ್ತೀನಿ, ನೀವು ಸುಮ್ಮನೆ ಬಂದ ಹಾಗಾಗಬಾರದು.”

ಬೀದಿಯ ಕೈಗೆ ಒಂದು ಬಾವುಟವೂ ಸಿಕ್ಕಿತು. ಅದು ಎನಿಡ್. ಚಿಲಕ ಹಾಕಿದ ಮರುದಿನ ಅವಳು ಎಂದಿನಂತೆ ಮಗ್ಗು ಹಿಡಿದು ಬಂದಳು, ದೂಡಿದಳು, ಬಾಗಿಲು ಬರಲಿಲ್ಲ. ಗೇನರ್ ಕಿಟಕಿ ತೆಗೆದು, “ಎನಿಡ್, ಮುಂದಿನಿಂದ ಬನ್ನಿ. ತಟ್ಟಿ, ತೆಗೀತೀನಿ. ಈಗಲೇ ಅಭ್ಯಾಸ ಆಗ್ಲಿ,” ಎಂದಳು.

“ಮುಂಬಾಗಿಲು ಅಂತ ಒಂದನ್ನ ನಾನು ದಾಟಿರೋದು ಎರಡೇ ಸಲ. ಮದುವೆ ದಿನ ಒಂದು, ನಮ್ಮ ಹೆರಾಲ್ಡನ್ನ ಹೊತ್ಕೊಂಡು ಹೋದ ದಿನ ಇನ್ನೊಂದು. ಮೂರನೇ ಸಲಕ್ಕೆ ನಾನು ನಡ್ಕೊಂಡು ಹೋಗೋದಿಲ್ಲ ಕಣೇ,” ಎಂದು ಎನಿಡ್ ಖಾಲಿ ಮಗ್ಗಿನೊಂದಿಗೆ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ಹಿಂದಿರುಗಿದಳು.

‘ಎಂಬತ್ತು ದಾಟಿದ ಮುದುಕಿಯ ಮುಖಕ್ಕೆ ಬಾಗಿಲು ಹಾಕಿದಳು.’ ಅಂಗಡಿಯಲ್ಲಿ ಇದೇ ಮಾತು, ಬಸ್ಸಿನಲ್ಲಿ ಇದೇ ಮಾತು, ಲೊರೇನಳ ಕತ್ತರಿಯ ಸದ್ದಿನ ನಡುವೆಯೂ ಇದೇ ಮಾತು. ಬೀದಿಗೆ ಬೀದಿಯೇ ಎನಿಡ್‌ಗಾಗಿ ಮರುಗಿತು. ನಾನು ಕಂಡದ್ದನ್ನು ಹೇಳುತ್ತೇನೆ. ಹಾಗೆ ಮರುಗಿದ ಆ ವಾರಗಳಲ್ಲಿ ಒಬ್ಬರೇ ಒಬ್ಬರೂ ಎನಿಡ್‌ಗೆ ಒಂದು ಕಪ್ ಟೀ ಮಾಡಿ ಕೊಡಲಿಲ್ಲ. ಹೆತ್ತ ಮಗಳೂ ಕೊಡಲಿಲ್ಲ. ಅವಳಿಗೆ ಅಂಗಡಿ ಇತ್ತಲ್ಲ. ಮುದುಕಿಯನ್ನು ನೋಡಿಕೊಳ್ಳುವುದೂ ಗೇನರಳ ಬಿಟ್ಟಿ ಕೆಲಸಗಳಲ್ಲಿ ಒಂದಾಗಿತ್ತೆಂದು ಆಗ ಗೊತ್ತಾಯಿತು. ಗೊತ್ತಾದದ್ದು ಯಾರಿಗೆ? ಎನಿಡ್‌ಗೆ.

ಕ್ಲಿಫ್ ರಜೆಯ ದಿನಗಳಲ್ಲಿ ಮುಂಬಾಗಿಲನ್ನು ಕಳಚಿ, ಉಜ್ಜಿ, ಕೂರಿಸಿದ. ಕೆಟ್ಟ ಹೂವರ್ ಗುಜರಿಗೆ ಹೋಯಿತು. ಬಾಗಿಲು ಬೆರಳಲ್ಲಿ ಎಳೆದರೆ ಬರುವಂತಾಯಿತು. ಮಿಸೆಸ್ ಕ್ವೇಲ್ ಎರಡನೇ ಸಲ ಬಂದಾಗ ತಟ್ಟಿದರು, ಗೇನರ್ ತೆರೆದಳು. ಮುಂದಿನ ಕೋಣೆಯಲ್ಲಿ ಕೂತು ಪ್ರಶ್ನೆಗಳು ಶುರುವಾದವು. ಮಗು ಉಸಿರುಗಟ್ಟಿದರೆ? ಮಗುವಿನ ಮೈಮೇಲೆ ಗಾಯ ಕಂಡರೆ? ಗೇನರ್ ತಡವರಿಸದೆ ಹೇಳುತ್ತಾ ಹೋದಳು.

“ದ್ರಾಕ್ಷಿ?” ಎಂದರು ಮಿಸೆಸ್ ಕ್ವೇಲ್.

ಹಿಂಬಾಗಿಲು ಗಡಗಡ ಅಲ್ಲಾಡಿತು. “ನಾನೇ,” ಎಂಬ ದನಿ ಲೊರೇನಳದು. ಮತ್ತೆ ಅಲ್ಲಾಡಿತು. “ತೆಗಿ ಗೇನರ್, ಅಂಗಡಿಗೆ ಹೊತ್ತಾಯ್ತು.”

ಗೇನರ್ ಎದ್ದು ಅಡುಗೆಮನೆಗೆ ಹೋದಳು. ಚಿಲಕ ಮುಟ್ಟಲಿಲ್ಲ. “ಮುಂದೆ ಬಾ ಲೊರೇನ್. ತಟ್ಟು.”

“ಮುಂದೆ ಬರೋಕೆ ನಾನೇನು ಪೋಸ್ಟ್‌ಮ್ಯಾನಾ? ಮಗುನ ಚಳಿಲಿ ನಿಲ್ಲಿಸ್ಕೊಂಡು ಆಟ ಆಡ್ತೀಯಾ?”

ಕೋರಿ ಆ ಕಡೆಯಿಂದ ಅವಳ ಹೆಸರು ಕೂಗಿದ. ಹುಟ್ಟಿದಂದಿನಿಂದ ತಾನು ಎತ್ತಿ ಆಡಿಸಿದ ಮಗು. ಆ ಬಾಗಿಲಿನ ಮೇಲೆ ಅವನ ಕೈಯ ಸದ್ದು ತನ್ನ ಮೊಣಕಾಲೆತ್ತರದಲ್ಲಿ ಕೇಳುತ್ತಿತ್ತು ಎಂದು ಗೇನರ್ ಆಮೇಲೆ ಹೇಳಿದಳು. ಚಿಲಕ ಎಳೆದರೆ ನೋಂದಣಿ ಹೋಗುತ್ತದೆ. ಮನೆಯೂ ಹೋಗುತ್ತದೆ. ಅವಳು ಎರಡೂ ಕೈಗಳನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡು ನಿಂತಳು.

“ಮುಂದೆ ಬಾ,” ಎಂದಳು ಮತ್ತೆ.

“ನಿನ್ನಂಥವಳಿಗೆ ದೇವರು ಮಕ್ಕಳನ್ನ ಕೊಡದೆ ಇದ್ದದ್ದೇ ಒಳ್ಳೇದಾಯ್ತು,” ಎಂದಳು ಲೊರೇನ್. ಜೋರಾಗಿ ಅಲ್ಲ. ಬಾಗಿಲಿಗೆ ಬಾಯಿಟ್ಟು, ಸರಿಯಾಗಿ ಕೇಳುವಂತೆ. ಆಮೇಲೆ ಅವಳ ಹೆಜ್ಜೆ ಸದ್ದೂ ಕೋರಿಯ ಅಳುವೂ ಗಲ್ಲಿಯಲ್ಲಿ ದೂರವಾದವು.

ಮುಂದಿನ ಕೋಣೆಯಲ್ಲಿ ಕೀಲಿಮಣೆಯ ಸದ್ದು ನಿಂತಿತ್ತು. ಗೇನರ್ ಬಂದು ತನ್ನ ಜಾಗದಲ್ಲಿ ಕೂತಳು. ಅವಳ ಕುತ್ತಿಗೆ ಕೆಂಪಾಗಿತ್ತು.

“ಏನೋ ಕೇಳ್ತಿದ್ರಿ,” ಎಂದಳು. “ದ್ರಾಕ್ಷಿ.”

“ಹೌದು. ದ್ರಾಕ್ಷಿ.”

“ಉದ್ದಕ್ಕೆ ಸೀಳಬೇಕು. ಅಡ್ಡಡ್ಡ ಅಲ್ಲ. ಅಡ್ಡ ಕತ್ತರಿಸಿದರೆ ಗಂಟಲಲ್ಲಿ ಕೂರುತ್ತೆ.”

ಇನ್ನಷ್ಟು ಪ್ರಶ್ನೆಗಳಾದ ಮೇಲೆ ಮುಂಬಾಗಿಲು ಸದ್ದಾಯಿತು. ಒಂದೇ ಒಂದು ಸಲ. ಗೇನರ್ ಮಿಸೆಸ್ ಕ್ವೇಲ್‌ರ ಮುಖ ನೋಡಿದಳು. “ತೆಗೀರಿ,” ಎಂದರು ಅವರು. “ಬಂದವರನ್ನ ನೀವು ಹೇಗೆ ಒಳಗೆ ಕರ್ಕೊಳ್ತೀರಿ ಅಂತಲೂ ನಾನು ನೋಡಬೇಕು.”

ಮೆಟ್ಟಿಲ ಮೇಲೆ ಎನಿಡ್ ನಿಂತಿದ್ದಳು. ಶವಸಂಸ್ಕಾರದ ಕಪ್ಪು ಕೋಟು, ತಲೆಗೆ ಹ್ಯಾಟು, ಕೈಯಲ್ಲಿ ಮಗ್ಗು. ಪಕ್ಕದ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಮಗಳ ಮಾತನ್ನು ಕೇಳಿಸಿಕೊಂಡಿದ್ದಳು. ಗೇನರಳ ಹಿಂಬಾಗಿಲು ಅಲ್ಲಿಂದ ಹತ್ತೇ ಹೆಜ್ಜೆ. ಅವಳು ತನ್ನ ಮನೆಯೊಳಗೆ ಹೋಗಿ ಕೋಟು ತೊಟ್ಟು, ಗಲ್ಲಿ ಹಿಡಿದು ಸಾಲಿನ ತುದಿಯ ತನಕ ನಡೆದು, ಬೀದಿಯಲ್ಲಿ ಎಲ್ಲರ ಕಿಟಕಿಗಳ ಮುಂದೆ ವಾಪಸು ಬಂದಿದ್ದಳು. ಒಂದೊಂದು ಪರದೆಯೂ ಸರಿದಿತ್ತು.

“ಬೇರೆಲ್ಲೂ ಟೀ ಸಿಗಲಿಲ್ಲ,” ಎಂದಳು.

“ಬನ್ನಿ. ಮೊದಲು ಇಲ್ಲಿ ಹೆಸರು ಬರೀರಿ, ಬಂದ ಹೊತ್ತೂ ಬರೀರಿ,” ಎಂದು ಗೇನರ್ ಬಂದವರ ಹೆಸರು ಬರೆಸುವ ಪುಸ್ತಕ ಮುಂದಿಟ್ಟಳು.

“ನನ್ನ ಹೆಸರು ನಿನಗೆ ಗೊತ್ತಿಲ್ವೇನೇ?”

“ಗೊತ್ತು. ಬರೀರಿ.”

ಎನಿಡ್ ಬರೆದಳು. ಕೋಟು ಬಿಚ್ಚದೆ, ಹಲ್ಲಿನ ಡಾಕ್ಟರ ಬಳಿ ಸರದಿಗೆ ಕೂತವಳಂತೆ ಕೂತು ಟೀ ಕುಡಿದು, ಟೀ ನೀರಾಗಿದೆ, ಸರ್ಟಿಫಿಕೇಟ್ ಬರೋಕೆ ಮುಂಚೆ ಚೆನ್ನಾಗಿರ್ತಿತ್ತು ಎಂದಳು. ಮಗಳ ಪರವಾಗಿ ಕ್ಷಮೆ ಕೇಳಲಿಲ್ಲ. ಅವಳು ತಟ್ಟಿದಳು, ನಿಂತಳು, ತೆರೆದ ಮೇಲೆ ಒಳಗೆ ಬಂದಳು. ಅದಕ್ಕಿಂತ ಹೆಚ್ಚಿನದನ್ನು ಗೇನರ್ ಅವಳಿಂದ ಕೇಳಿರಲೂ ಇಲ್ಲ.

ನೋಂದಣಿ ಬಂತು. ಆಸ್ಪತ್ರೆಯಲ್ಲಿ ನೆಲ ಒರೆಸುವ ಒಬ್ಬಳ ಹೆಣ್ಣುಮಗು ಮೊದಲು ಬಂತು. ಆಮೇಲೆ ಇನ್ನೆರಡು. ಮೂರು ಜಾಗವೂ ತುಂಬಿವೆ, ಮನೆ ಉಳಿದಿದೆ. ತಾಯಂದಿರು ಮುಂಬಾಗಿಲಿಗೆ ಬರುತ್ತಾರೆ, ಹೇಳಿದ ಹೊತ್ತಿಗೆ ಬರುತ್ತಾರೆ, ಹೇಳಿದ ದಿನ ದುಡ್ಡು ಕೊಡುತ್ತಾರೆ. ಲೊರೇನ್ ಕೋರಿಯನ್ನು ಈಗ ಪೇಟೆಯ ನರ್ಸರಿಗೆ ಹಾಕಿದ್ದಾಳೆ. ಗೇನರ್ ಕೇಳಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಅಲ್ಲಿ. ಮಗುವನ್ನು ಕರೆದೊಯ್ಯಲು ತಡವಾದರೆ ದಂಡವೂ ಉಂಟು. ಬಾಯಿ ಮುಚ್ಚಿಕೊಂಡು ದುಡ್ಡು ಕಟ್ಟುತ್ತಾಳೆ. ‘ಅಲ್ಲಿಯವರು ಕಲಿತವರಪ್ಪ’ ಎಂದು ಗಿರಾಕಿಗಳಿಗೆ ಹೇಳುತ್ತಾಳೆ. ಗುರುತಿಲ್ಲದವರು ಕೇಳಿದರೆ ಅದು ಶುಲ್ಕ, ಗುರುತಿದ್ದವಳು ಕೇಳಿದರೆ ದುರಾಸೆ. ಬೀದಿ ಇಂದಿಗೂ ಗೇನರಳ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಏಣಿ ಇನ್ನೂ ಮೂಲೆಮನೆಯಲ್ಲೇ ಇದೆ.

ಕನ್ನಡದಲ್ಲಿ ಓದುತ್ತಿರುವ ನೀವು ಇದು ಯಾವುದೋ ತಣ್ಣನೆಯ ದೇಶದ ಕಥೆ ಎಂದು ಪುಟ ತಿರುಗಿಸುವ ಮುಂಚೆ ಒಂದು ಕ್ಷಣ ನಿಲ್ಲಿ. ನಿಮ್ಮ ಓಣಿಯಲ್ಲೂ ಒಬ್ಬಳಿದ್ದಾಳೆ. ‘ಅಕ್ಕಾ, ಒಂದೈದು ನಿಮಿಷ ನೋಡ್ಕೊಳ್ಳಿ’ ಎಂದು ನೀವು ಮಗುವನ್ನು ಒಳಗೆ ದೂಡಿ ಹೋಗುವ ಮನೆಯವಳು. ಅತ್ತೆಯೋ, ಚಿಕ್ಕಮ್ಮನೋ, ಕೆಳಗಿನ ಮನೆಯ ಆಂಟಿಯೋ. ಹಬ್ಬಕ್ಕೆ ನೀವು ಉಡದ ಸೀರೆಯನ್ನು ಅವಳಿಗೆ ದಾಟಿಸಿದ್ದೀರಿ. ಅವಳಿಗೆ ಹೊತ್ತು ಹೋಗುತ್ತದೆ ಎಂದು ನೀವೇ ತೀರ್ಮಾನಿಸಿಬಿಟ್ಟಿದ್ದೀರಿ.

ನಾಳೆ ಬೆಳಿಗ್ಗೆ ಆ ಮನೆಯ ಮುಂಬಾಗಿಲಿಗೆ ಹೋಗಿ. ತಟ್ಟಿ, ಅವಳು ತೆರೆಯುವ ತನಕ ಹೊರಗೇ ನಿಂತಿರಿ. ಈ ಕೆಲಸಕ್ಕೆ ನಿನಗೆ ಏನು ಕೊಡಬೇಕು ಎಂದು ಕೇಳಿ. ಅವಳು ಹೇಳಿದ್ದನ್ನು ಚೌಕಾಸಿ ಮಾಡದೆ ಕೊಡಿ.